ಕೌದಿಯ ನೆರಳು

ಕಲಬುರಗಿಯ ಸೇಡಂ ರಸ್ತೆಯಿಂದ ನಮ್ಮ ಮನೆಯ ಕಡೆ ತಿರುಗುವ ಮೂಲೆಯಲ್ಲಿ ಹೋದ ವರ್ಷ ಒಂದು ಎಣ್ಣೆಗಾಣ ಬಂತು. ಎತ್ತು ಸುತ್ತುವ ಗಾಣವಲ್ಲ, ಗಾಜಿನ ಬಾಗಿಲಿನ ಅಂಗಡಿಯೊಳಗೆ ಕರೆಂಟಿನ ಮೇಲೆ ತಿರುಗುವ ಮರದ ಗಾಣ. ಮೊದಲ ದಿನ ಅದರ ಮುಂದೆ ಹಾದುಹೋಗುವಾಗ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು, ನಾನು ಸ್ಕೂಟಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟೆ. ಹಿಂದಿನಿಂದ ಬಂದ ಆಟೋದವನು ಬೈದ. ಬೈಯಲಿ, ತಪ್ಪು ನನ್ನದೇ. ಅರ್ಧ ಲೀಟರ್ ಎಣ್ಣೆ ಮನೆಗೆ ತಂದು, ಒಲೆಯ ಮೇಲೆ ಬಟ್ಟಲಿಟ್ಟು, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ಚಿಟಿಕೆ ಅಜವಾನ ಉದುರಿಸಿದೆ. ಅಡುಗೆಗೆ ಅಲ್ಲ, ಸುಮ್ಮನೆ. ಒಳಗಿನಿಂದ ಮಗಳು, "ಮಮ್ಮಿ, ಏನ್ ಮಾಡ್ಲಾಕತ್ತಿ, ವಾಸನಿ ಬರ್ಲಾಕತ್ತದ" ಅಂದಳು. ಬೆಳ್ಳುಳ್ಳಿ ಕೆಂಪಾಗುವಷ್ಟರಲ್ಲಿ ನಾನು ಕಮಲಾಪುರದ ಅಂಗಳದಲ್ಲಿದ್ದೆ, ಎಂಟು ವರ್ಷದವಳಾಗಿ, ಕೈಯಲ್ಲಿ ಚಾಪೆಯ ತುದಿ ಹಿಡಿದುಕೊಂಡು.

ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಈಗ ಹೋಗಿ ನೋಡಿದರೆ ಇಲ್ಲದ್ದು. ನಮ್ಮದು ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪರಸಿ ಕಲ್ಲು ಹಾಸಿದ ಅಂಗಳ, ಅಂಗಳದ ಮೂರು ಕಡೆ ಕೋಣೆ, ಒಂದು ಕಡೆ ಗೋಡೆ. ಹಿತ್ತಲಲ್ಲಿ ಕೆಂಪು ಬಾಳೆಯ ನಾಲ್ಕು ಗಿಡ. ಕಮಲಾಪುರದವರಿಗೆ ಆ ಬಾಳೆಹಣ್ಣಿನ ಮೇಲೆ ಎಷ್ಟು ಅಭಿಮಾನವೆಂದರೆ, ಬೇರೆ ಊರಿನ ಹಳದಿ ಬಾಳೆಹಣ್ಣನ್ನು ಅವರು ಹಣ್ಣೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮನೆಯ ಒಡತಿ ನನ್ನ ಆಯಿ, ಅಪ್ಪನ ತಾಯಿ. ಗಿಡ್ಡ ಹೆಂಗಸು, ದೊಡ್ಡ ಅಂಗೈ. ಊರಿನ ಅರ್ಧ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅದು. ಆ ಕೈಯ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಯಾರಾದರೂ ನಡು ಹಿಡಿದುಕೊಂಡು ಬಂದರೆ, "ಡಾಕ್ಟರ್ ಕಡಿ ಹೋಗು, ಹೋಗಬ್ಯಾಡ ಅನ್ನಲ್ಲ. ಮೊದಲ ಇಲ್ಲಿ ಕೂಡು" ಅನ್ನುತ್ತಿದ್ದಳು.

ನನ್ನ ಅವ್ವ ಸುಮಿತ್ರಾ ತಾಯಿಯಿಲ್ಲದ ಮಗಳು. ತಮ್ಮ ಮಲ್ಲು ಹುಟ್ಟಿದಾಗ ತವರಿಗೆ ಹೋಗಿ ಬಾಣಂತನ ಮಾಡಿಸಿಕೊಳ್ಳಲು ಅವಳಿಗೆ ತವರೇ ಇರಲಿಲ್ಲ. ಹಾಗಾಗಿ ಅತ್ತೆಯೇ ತಾಯಿಯಾಗಿ ಕಮಲಾಪುರದಲ್ಲಿ ಬಾಣಂತನ ನಡೆಯಿತು. ಅಪ್ಪ ಕಲಬುರಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಭಾನುವಾರ ಮಾತ್ರ ಬರುತ್ತಿದ್ದರು. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಮೂರನೆಯ ತಿಂಗಳು ಅವ್ವನ ಬೆರಳುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲಾಗದು, ಮಗುವನ್ನು ಎತ್ತಲಾಗದು. ಆಯಿ ಒಂದೇ ನೋಟಕ್ಕೆ ತೀರ್ಪು ಕೊಟ್ಟಳು: "ಬಾಣಂತಿ ವಾಯು. ಕೀಲಿನಾಗ ಹೊಕ್ಕದ. ಎಣ್ಣಿ ಮತ್ತ ಬಿಸಲು, ಎರಡೇ ಔಷಧ." ಆ ದಿನದಿಂದ ಪ್ರತಿ ಬೆಳಿಗ್ಗೆ ಕುಸುಬಿ ಎಣ್ಣೆ ಕಾಯುತ್ತಿತ್ತು, ಬೆಳ್ಳುಳ್ಳಿ, ಅಜವಾನ ಬೀಳುತ್ತಿತ್ತು. ಅವ್ವನನ್ನು ಅಂಗಳದ ಬಿಸಿಲಿನಲ್ಲಿ ಚಾಪೆಯ ಮೇಲೆ ಕೂರಿಸಿ, ಬೆರಳಿನಿಂದ ಹಿಡಿದು ಪಾದದ ತನಕ ಆಯಿ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಎಣ್ಣೆ ಇಂಗುವ ತನಕ, ತಾಸೆರಡು ತಾಸು, ಅಲ್ಲೇ ಬಿಸಿಲಿನಲ್ಲಿ ಕೂರಬೇಕು. ಬಿಸಿಲು ಸರಿದಂತೆ ಚಾಪೆಯನ್ನೂ ಸರಿಸಬೇಕು. ಆ ಕೆಲಸ ನನ್ನದು. ಗೋಡೆಯ ನೆರಳು ಅವ್ವನ ಮೊಣಕಾಲಿಗೆ ಮುಟ್ಟಿದ ಕೂಡಲೇ ನಾನು ಓಡಿಬಂದು, "ಏಳವ್ವ, ನೆರಳ ಬಂತು" ಎಂದು ಅವಳನ್ನು ಎಬ್ಬಿಸಿ ಚಾಪೆಯನ್ನು ಬಿಸಿಲಿಗೆ ಎಳೆಯುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಶಾಣ್ಯಾ ಹುಡುಗಿ ಎಂದು ಆಯಿ ನನಗೆ ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು.

ಅವ್ವ ಬಾಡತೊಡಗಿದಳು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಹರಡಿತು. ಸಂಜೆಯಾದರೆ ಜ್ವರ. ಬಾಚಣಿಗೆ ಇಟ್ಟರೆ ಕೂದಲು ಗೊಂಚಲಾಗಿ ಬರುತ್ತಿತ್ತು. ಆಯಿ ಕೆನ್ನೆಗೆ ಬೆಣ್ಣೆ ಹಚ್ಚಿದಳು, ಎಣ್ಣೆಗೆ ಇನ್ನೊಂದು ಎಸಳು ಬೆಳ್ಳುಳ್ಳಿ ಹೆಚ್ಚಿಸಿದಳು, ಬಿಸಿಲಿನಲ್ಲಿ ಕೂರುವ ಹೊತ್ತನ್ನೂ ಹೆಚ್ಚಿಸಿದಳು. ಅವಳ ತಿಳುವಳಿಕೆಯಲ್ಲಿ ಗುಣವಾಗದಿದ್ದರೆ ಔಷಧ ಸಾಲಲಿಲ್ಲ ಎಂದು ಅರ್ಥ. ಅವ್ವ ಒಂದು ಮಾತು ಎದುರಾಡಲಿಲ್ಲ. ತಾಯಿ ಇಲ್ಲದವಳಿಗೆ ಯಾರೋ ಅಷ್ಟು ಹೊತ್ತು ಕಾಲು ತಿಕ್ಕುವುದೇ ದೊಡ್ಡದಾಗಿ ಕಂಡಿರಬೇಕು. ಕಡೆಗೆ ಒಂದು ಭಾನುವಾರ ಅಪ್ಪ ಬಂದವರು ಅವ್ವನ ಮುಖ ನೋಡಿ, ಚೀಲ ಕೆಳಗಿಡದೆ, "ನಾಳಿ ಸೊಲ್ಲಾಪುರಕ್ಕ ಹೋಗಮು" ಅಂದರು. ನಮ್ಮ ಕಡೆ ಜಡ್ಡು ದೊಡ್ಡದಾದರೆ ಹೈದರಾಬಾದು, ಇಲ್ಲವೇ ಸೊಲ್ಲಾಪುರ. ಮಲ್ಲುವನ್ನು ಆಯಿಯ ಹತ್ತಿರ ಬಿಟ್ಟು, ನನ್ನನ್ನು ಕರೆದುಕೊಂಡು ಹೋದರು. ಬಿಟ್ಟು ಹೋದರೆ ನಾನು ಅತ್ತು ಊರು ಒಂದು ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

ಪರೀಕ್ಷೆಗೆ ರಕ್ತ ಕೊಟ್ಟು ಬಂದು, ಮತ್ತೆ ಎಂಟು ದಿನ ಬಿಟ್ಟು ಹೋದಾಗ ಡಾಕ್ಟರು ಜಡ್ಡಿನ ಹೆಸರು ಹೇಳಿದರು: ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಮೈಯ ಮೇಲೆ ಬೀಳುವ ಜಡ್ಡು ಎಂದು ಬಿಡಿಸಿ ಹೇಳಿದರು. ಪೂರ್ತಿ ಹೋಗುವುದಿಲ್ಲ, ಆದರೆ ಗುಳಿಗೆ ತಪ್ಪದೆ ನುಂಗಿದರೆ ಮಕ್ಕಳನ್ನು ಬೆಳೆಸಬಹುದು, ಸಂಸಾರ ಮಾಡಬಹುದು ಅಂದರು. ಆಮೇಲೆ ಕಾಗದದಿಂದ ತಲೆಯೆತ್ತಿ, "ಬಿಸಲಿಗಿ ಹೋಗ್ತೀರೇನ್ರಿ?" ಎಂದು ಕೇಳಿದರು. ಅಪ್ಪ ಅವ್ವನನ್ನು ನೋಡಿದರು, ಅವ್ವ ನೆಲ ನೋಡಿದಳು. ಅವ್ವನೇ ಮೆಲ್ಲಗೆ ಹೇಳಿದಳು, ದಿನಾ ಎರಡು ತಾಸು, ಎಣ್ಣೆ ಹಚ್ಚಿಕೊಂಡು. ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಜಡ್ಡಿಗಿ ಬಿಸಲು ಅಂದ್ರ ಉರಿಯೋ ಒಲಿಗಿ ಕಟಗಿ ಹಾಕ್ದಂಗ" ಅಂದರು. ನಾನು ಅವ್ವನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಚಾಪೆ ಎಳೆದ ಕೈಗಳನ್ನು ಲಂಗದ ಕೆಳಗೆ ಇಟ್ಟುಕೊಂಡೆ.

ಹಿಂತಿರುಗುವ ಬಸ್ಸಿನಲ್ಲಿ ಅವ್ವ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಳು. "ಬಿಸಲಿಂದ ಹಿಂಗಾಗ್ಯದ ಅಂತ ಅತ್ತಿಗಿ ಯಾರೂ ಹೇಳಬ್ಯಾಡ್ರಿ" ಅಂದಳು. ಅಪ್ಪ ತಲೆಯಾಡಿಸಿದರು. "ಅವರು ನನ್ನ ಮ್ಯಾಲಿನ ಜೀವಕ್ಕ ಮಾಡ್ಯಾರ. ಗೊತ್ತಾದ್ರ ಆ ಕೈ ಮತ್ತ ಯಾರ ಮೈಗೂ ಹಚ್ಚಂಗಿಲ್ಲ ಅವರು. ಬದುಕಂಗಿಲ್ಲ." ನನ್ನ ಕಡೆ ತಿರುಗಿ, "ನಾಗಿ, ನಿನಗ ಹೇಳ್ಲಾಕತ್ತೀನಿ" ಅಂದಳು. ನನಗೇ ಒತ್ತಿ ಹೇಳಲು ಕಾರಣವಿತ್ತು. ನಾನು ಹುಟ್ಟಾ ಬಾಯಿಬಡುಕಿ, ನನ್ನ ಹೊಟ್ಟೆಯಲ್ಲಿ ಮಾತು ನಿಂತ ಚರಿತ್ರೆಯೇ ಇರಲಿಲ್ಲ. ಆದರೂ ಆ ದಿನ ಅವ್ವನ ಬಾತ ಅಂಗೈ ಮುಟ್ಟಿ ಆಣೆ ಮಾಡಿದೆ.

ಆಮೇಲೆ ಕಲಬುರಗಿಯ ಮನೆಯಲ್ಲಿ ನಮ್ಮ ದಿನ ಹಿಂದುಮುಂದಾಯಿತು. ಬಿಸಿಲಿಗೇ ಹೆಸರಾದ ಊರಿನಲ್ಲಿ ಬಿಸಿಲು ತಾಗದೆ ಸಂಸಾರ ಮಾಡಬೇಕೆಂದರೆ ಏನು ಹೇಳಲಿ! ಅವ್ವ ಬಟ್ಟೆ ಒಗೆಯುವುದು ಸಂಜೆಗೆ, ಕಾಯಿಪಲ್ಲೆ ತರುವುದು ದೀಪ ಹತ್ತಿದ ಮೇಲೆ. ಬೆಳಿಗ್ಗೆ ಎದ್ದವಳು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಅರ್ಧ ತಾಸು ಕೂರುತ್ತಿದ್ದಳು, ಬೆರಳು ಸಡಿಲಾಗಲು. ಆ ಅರ್ಧ ತಾಸಿನಲ್ಲೇ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಮಗ್ಗಿ ತಪ್ಪಿದರೆ ಒದ್ದೆ ಕೈಯಿಂದ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಬೆಳಿಗ್ಗೆ ಜಡೆ ಹೆಣೆಯಲು ಆಗದೆಂದು ಹಿಂದಿನ ಸಂಜೆಯೇ ನನಗೆ ಜಡೆ ಹಾಕಿಬಿಡುತ್ತಿದ್ದಳು. ನಾನು ಜಡೆಯ ಸಮೇತ ಮಲಗಿ, ಜಡೆಯ ಸಮೇತ ಎದ್ದು, ಶಾಲೆಗೆ ಹೋಗುತ್ತಿದ್ದೆ, ಹಾಸಿಗೆಯಿಂದ ಎದ್ದು ಬಂದವಳಂತೆಯೇ ಕಾಣುತ್ತಿದ್ದೆ. ರೊಟ್ಟಿ ಬಡಿಯುವ ಕೆಲಸ ಅಪ್ಪನಿಗೆ ಬಂತು. ಅಪ್ಪನ ರೊಟ್ಟಿ ಬಸ್ಸಿನ ಇಂಜಿನ್ನಿಗೆ ಹಾಕುವ ಗ್ಯಾಸ್ಕೆಟ್ಟಿನ ಅಂಕುಡೊಂಕು ಆಕಾರದಲ್ಲಿ ಇರುತ್ತಿತ್ತು. "ಇದು ಯಾವ ಗಾಡೀದ್ರಿ?" ಎಂದು ಅವ್ವ ಕೇಳಿದರೆ ಅಪ್ಪ ಗಂಭೀರವಾಗಿ, "ಬೀದರ್ ಎಕ್ಸ್‌ಪ್ರೆಸ್" ಅನ್ನುತ್ತಿದ್ದರು. ನಾವು ನಕ್ಕುಕೊಂಡೇ ತಿನ್ನುತ್ತಿದ್ದೆವು.

ಪಕ್ಕದ ಮನೆಯ ಜುಬೇದಾ ಖಾಲಾ ಒಬ್ಬಳಿಗೆ ಮಾತ್ರ ಅವ್ವ ಜಡ್ಡಿನ ಪೂರ್ತಿ ಕತೆ ಹೇಳಿದ್ದಳು. ನನ್ನ ಶಾಲೆಯಲ್ಲಿ ಒಮ್ಮೆ ಮಟಮಟ ಮಧ್ಯಾಹ್ನ ಬಹುಮಾನ ಕೊಡುವ ಕಾರ್ಯಕ್ರಮ. ಪ್ರಬಂಧಕ್ಕೆ ನನಗೆ ಒಂದು ಸ್ಟೀಲ್ ಲೋಟ ಬರುವುದಿತ್ತು. ಅವ್ವ ಬರುವುದಿಲ್ಲವೆಂದು ನಾನು ಮುಖ ಊದಿಸಿಕೊಂಡು ಹೋದೆ. ಹೆಸರು ಕರೆದಾಗ ಎದ್ದು ನಿಂತರೆ, ಹಿಂದಿನ ಸಾಲಿನಲ್ಲಿ ಖಾಲಾನ ಪಕ್ಕ ಇನ್ನೊಂದು ಕಪ್ಪು ಬುರ್ಖಾ. ಬಿಗಿದ ಬೆರಳುಗಳಿಂದ ಅವ್ವ ತಟ್ಟುವ ಚಪ್ಪಾಳೆ ನನಗೆ ಗೊತ್ತು, ಶಬ್ದವೇ ಬರುತ್ತಿರಲಿಲ್ಲ ಅದಕ್ಕೆ. ಆ ಬುರ್ಖಾದ ಕೈಗಳು ಹಾಗೆಯೇ ತಟ್ಟುತ್ತಿದ್ದವು. "ಮೇರಾ ಬುರ್ಖಾ ಪೈನ್ ಕೊ ಚಲೋ, ಧೂಪ್ ಲಗ್ತೀಚ್ ನೈ" ಎಂದು ಖಾಲಾನೇ ತನ್ನದೊಂದನ್ನು ತೊಡಿಸಿ, ಬಿಸಿಲು ತಾಗದಂತೆ ಕರೆತಂದಿದ್ದಳಂತೆ. ಆ ಲೋಟದಲ್ಲೇ ನಾನು ಈಗಲೂ ನೀರು ಕುಡಿಯುತ್ತೇನೆ.

ಬೇಸಿಗೆ ಬಂತು, ನಾವು ಮತ್ತೆ ಕಮಲಾಪುರಕ್ಕೆ ಹೋದೆವು. ಈಗ ಅವ್ವ ಬಿಸಿಲಿಗೆ ಬರದಿರಲು ಆಯಿಗೆ ಏನಾದರೂ ಕಾರಣ ಹೇಳಬೇಕಿತ್ತು. "ಗುಳಿಗಿ ಉಷ್ಣ ಆಗ್ತದಂತ್ರಿ ಅತ್ತಿ, ಅದಕ್ಕ ಬಿಸಲಾಗ ಕೂಡಬ್ಯಾಡ ಅಂದಾರ" ಅಂದಳು. ನಮ್ಮ ಕಡೆ ಯಾವ ಔಷಧಕ್ಕಾದರೂ ಒಪ್ಪುವ ಮಾತು ಅದು. ಆಯಿಯೂ ಒಪ್ಪಿದಳು, ಆದರೆ ಅವಳ ಸಿಟ್ಟು ಗುಳಿಗೆಗಳ ಮೇಲೆ ತಿರುಗಿತು. ಆ ಗುಳಿಗೆಗಳಿಂದ ಅವ್ವನ ಮುಖ ಊದಿ ದುಂಡಗಾಗಿತ್ತು, ಆಯಿಗೆ ಅದು ಮೊದಲೇ ಕಣ್ಣಿಗೆ ಚುಚ್ಚಿತ್ತು. "ಬಿಸಲಿಗಿ ಬಿಡವಲ್ವು, ಮಾರಿ ಬಾಯಿಸ್ಯಾವ. ಇಂಥವು ಯಾಕ ನುಂಗ್ತಿ? ನಾಕ ದಿನ ಬಿಟ್ಟು ನೋಡು, ನನ್ನ ಎಣ್ಣಿ ಅದ" ಎಂದು ದಿನಾ ಗೊಣಗುತ್ತಿದ್ದಳು. ಅವ್ವ ನಗುತ್ತಾ ತಪ್ಪಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಗುಳಿಗೆಯ ಚೀಲವೇ ಇಲ್ಲ.

ಎರಡು ದಿನ ಹುಡುಕಿದೆವು. ಟ್ರಂಕು, ಗೋಡೆಯ ಗೂಡು, ತೊಟ್ಟಿಲ ಕೆಳಗೆ. ಕಮಲಾಪುರದ ಔಷಧದ ಅಂಗಡಿಯಲ್ಲಿ ಆ ಗುಳಿಗೆ ಇರಲಿಲ್ಲ, ಅಪ್ಪ ಬರಲು ಇನ್ನೂ ಮೂರು ದಿನ. ಆ ಗುಳಿಗೆಗಳನ್ನು ಒಮ್ಮೆಗೇ ನಿಲ್ಲಿಸಬಾರದೆಂದು ಡಾಕ್ಟರು ಎರಡೆರಡು ಸಲ ಹೇಳಿದ್ದು ನನ್ನ ಕಿವಿಯಲ್ಲಿ ಕೂತಿತ್ತು. ಮೂರನೆಯ ಬೆಳಿಗ್ಗೆ ಅವ್ವನಿಗೆ ಏಳಲಾಗಲಿಲ್ಲ. ಮೈ ಸುಡುತ್ತಿತ್ತು, ಮಲ್ಲು ಅತ್ತರೂ ಕಣ್ಣು ತೆರೆಯುತ್ತಿರಲಿಲ್ಲ. ಆಯಿ ಮಾತ್ರ ಗೆಲುವಾಗಿದ್ದಳು. ಗುಳಿಗೆಯ ಉಷ್ಣ ಹೊರಗೆ ಬರುತ್ತಿದೆ, ಇನ್ನು ಬಿಸಿಲಿಗೆ ಅಡ್ಡಿಯಿಲ್ಲ ಎಂದು ಅವಳ ಲೆಕ್ಕ. ಎಣ್ಣೆ ಕಾಯಿಸಿ, ಬಟ್ಟಲು ಹಿಡಿದು ಅಂಗಳಕ್ಕೆ ಬಂದು, "ನಾಗಿ, ಚಾಪಿ ಹಾಸು. ನಿಮ್ಮವ್ವಗ ಎಬ್ಬಿಸ್ಕೊಂಡು ಬರ್ತೀನಿ" ಅಂದಳು. ಆಗ ನನಗೆ ಗುಳಿಗೆಗಳು ಎಲ್ಲಿ ಹೋಗಿರಬಹುದೆಂದು ಹೊಳೆಯಿತು.

ನಾನು ಚಾಪೆಯನ್ನು ಎದೆಗೆ ಅವುಚಿಕೊಂಡು ನಿಂತೆ. "ಹಾಸಂಗಿಲ್ಲ" ಅಂದೆ. ಆಯಿ, "ಯಾಕ?" ಅಂದಳು. ಅಷ್ಟೇ ಸಾಕಾಯಿತು. "ನೀ ಬಿಸಲಾಗ ಕುಂಡ್ರಸಿದ್ದಕ್ಕೇ ಅವ್ವಗ ಹಿಂಗಾಗ್ಯದ. ಡಾಕ್ಟರ್ ಹೇಳ್ಯಾರ, ಅಕಿಗಿ ಬಿಸಲು ಆಗಂಗಿಲ್ಲಂತ. ನಿನಗ ಹೇಳಬ್ಯಾಡ ಅಂದಾಳ ಅವ್ವ, ನೀ ಸಾಯ್ತೀ ಅಂತ. ಗುಳಿಗಿ ಕೊಡು. ಇಲ್ಲಂದ್ರ ಅವ್ವ ಸಾಯ್ತಾಳ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಒಂಬತ್ತು ವರ್ಷದ ಬಾಯಿಗೆ ತಿರುಗಿಸಿ ಮುರುಗಿಸಿ ಹೇಳುವುದು ಎಲ್ಲಿಂದ ಬರಬೇಕು. ಚಾಪೆ ಎಳೆದವಳು ನಾನು ಎಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟು ಜಾಣತನ ಇತ್ತು, ನಾಚಿಕೆಯಾಗುತ್ತದೆ.

ಆಯಿ ಬೈಯಲಿಲ್ಲ. ಎಣ್ಣೆಯ ಬಟ್ಟಲನ್ನು ಮೆಟ್ಟಿಲ ಮೇಲೆ ಇಟ್ಟಳು. ಒಳಗೆ ಹೋಗಿ ಜೋಳ ತುಂಬಿದ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು, ಭುಜದ ತನಕ ಕೈ ಇಳಿಸಿ, ಗುಳಿಗೆಯ ಚೀಲ ಹೊರಗೆ ತೆಗೆದಳು. ಎಣ್ಣೆಗೈಗೆ ಮೊಣಕೈಯ ತನಕ ಜೋಳದ ಕಾಳು ಅಂಟಿಕೊಂಡಿದ್ದವು. ಅವನ್ನು ಒರೆಸಿಕೊಳ್ಳದೆ ನನ್ನ ಮುಂದೆ ಬಂದು ಕೂತಳು. ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡಿಕೊಂಡಳು. ಅವಳ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕಡೆಗೆ, "ನನಗ ತಿಳದದ ಅಂತ ನಿಮ್ಮವ್ವಗ ಹೇಳಬ್ಯಾಡವ್ವ. ನನ್ನ ಸಲುವಾಗಿ ಮುಚ್ಚಿಟ್ಟಾಳ. ಮುಚ್ಚೇ ಇರ್ಲಿ" ಅಂದಳು. ಎದ್ದು, ನೀರಿನ ಲೋಟ ಹಿಡಿದು ಅವ್ವನ ಕೋಣೆಗೆ ಹೋದಳು. "ಜೋಳದಾಗ ಬಿದ್ದಿದ್ವು ನೋಡು. ಇಲಿ ಒಯ್ದಿರಬೇಕು" ಎನ್ನುವುದು ಹೊರಗೆ ಕೇಳಿಸಿತು. ಅವ್ವ ಜ್ವರದಲ್ಲೇ, "ಇಲಿಗೂ ಕೀಲುನೋವು ಇರಬೇಕ್ರಿ ಅತ್ತಿ" ಅಂದಳು. ಆಯಿ ನಕ್ಕಳು. ನಗುವುದು ಮುಗಿದ ಮೇಲೂ ಬಹಳ ಹೊತ್ತು ಅವಳು ಆ ಕೋಣೆಯಿಂದ ಹೊರಗೆ ಬರಲಿಲ್ಲ.

ಭಾನುವಾರದ ಹೊತ್ತಿಗೆ ಅವ್ವನ ಜ್ವರ ಇಳಿಯಿತು. ಸೋಮವಾರ ಆಯಿ ಮನೆಯ ಕೌದಿಗಳನ್ನೆಲ್ಲ ಹೊರಗೆ ತೆಗೆದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅವಳೇ ಹೊಲಿದ ಕೌದಿಗಳು, ಹದಿಮೂರೋ ಹದಿನಾಲ್ಕೋ ಇದ್ದವು. ಅಂಗಳದ ಎದುರುಬದುರು ಗೋಡೆಗಳಿಗೆ ಕಬ್ಬಿಣದ ಗೂಟ ಬಡಿಸಿ, ಎತ್ತರದಲ್ಲಿ ಹಗ್ಗ ಕಟ್ಟಿಸಿ, ಅವನ್ನೆಲ್ಲ ಮಾಡಿನಂತೆ ಹರವಿಸಿದಳು. ಬೇಸಿಗೆಯಲ್ಲಿ ಕೌದಿಯನ್ನು ಬಿಸಿಲಿಗೆ ಹಾಕುವುದು ಎಲ್ಲರ ಮನೆಯ ರೂಢಿ, ಒಂದು ದಿನ ಹಾಕಿ ಸಂಜೆಗೆ ಮಡಚಿಡುತ್ತಾರೆ. ಆಯಿಯ ಕೌದಿಗಳು ಮಾತ್ರ ಮಳೆಗಾಲ ಬರುವ ತನಕ ಇಳಿಯಲಿಲ್ಲ. "ಎಷ್ಟ ಬಿಸಲು ಕುಡಿಸ್ತೀರಿ ಅವಕ್ಕ?" ಎಂದು ಓಣಿಯ ಹೆಂಗಸರು ನಗಾಡಿದರು. "ತಗಣಿ ಆಗ್ಯಾವ" ಅಂದಳು ಆಯಿ, ತನ್ನ ಮನೆಯಲ್ಲಿ ತಗಣೆ ಇವೆಯೆಂದು ಊರ ಮುಂದೆ ಸುಳ್ಳು ಹೇಳಿದಳು. ತನ್ನ ಮನೆಯ ಚೊಕ್ಕತನವೆಂದರೆ ಜೀವ ಬಿಡುತ್ತಿದ್ದ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ಆ ಕೌದಿಗಳ ಕೆಳಗೆ ಅಂಗಳ ಬೇರೆಯೇ ಆಯಿತು. ಮೇಲೆ ಸುಡುವ ಬಿಸಿಲು, ಕೆಳಗೆ ತಂಪು ಕತ್ತಲು, ಹೊಲಿಗೆ ಸವೆದ ಕಡೆ ಮಾತ್ರ ಸಾಸಿವೆ ಗಾತ್ರದ ಬೆಳಕು. ವರ್ಷದ ಮೇಲೆ ಮೊದಲ ಸಲ ಅವ್ವ ಬುರ್ಖಾ ಇಲ್ಲದೆ ಹಾಡುಹಗಲಲ್ಲಿ ಹೊರಗೆ ಬಂದು ಕೂತಳು. ಮಲ್ಲುವನ್ನು ಕಾಲ ಮೇಲೆ ಹಾಕಿಕೊಂಡು ಆಡಿಸಿದಳು. ಆಯಿ ಅದೇ ಎಣ್ಣೆಯ ಬಟ್ಟಲು ತಂದು, ಅದೇ ಚಾಪೆಯ ಮೇಲೆ, ಅವಳ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು. ಆ ಕೈ ಎಣ್ಣೆ ಬಿಡಲಿಲ್ಲ. ಸವೆದ ಹೊಲಿಗೆಯಿಂದ ಅವ್ವನ ತೋಳಿನ ಮೇಲೆ ಬೆಳಕಿನ ಚುಕ್ಕೆ ಬಿದ್ದರೆ ಆಯಿ ಮಾತಾಡದೆ ತನ್ನ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಸಂಜೆ ಸೂಜಿ ದಾರ ಹಿಡಿದು ಆ ತೂತು ಮುಚ್ಚುತ್ತಿದ್ದಳು. ಅವ್ವನಿಗೆ ಇದರಿಂದೆಲ್ಲ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ತಗಣೆಯ ಮಾತನ್ನು ನಂಬಲು ಅವಳಿಗೆ ಬೇಕಾಗಿತ್ತು, ಹಾಗಾಗಿ ನಂಬಿದಳು ಎಂದೇ ನಾನು ತಿಳಿದಿದ್ದೇನೆ.

ಪ್ರತಿ ಬೇಸಿಗೆ ಹಾಗೆಯೇ ನಡೆಯಿತು. ಕಡೆಯ ವರ್ಷಗಳಲ್ಲಿ ಆಯಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ನಮ್ಮ ಬಸ್ಸು ಬರುವ ದಿನ ಗೊತ್ತಾದ ಕೂಡಲೇ ಕೌದಿ ಕಟ್ಟಿರೆಂದು ಗದ್ದಲ ಮಾಡುತ್ತಿದ್ದಳಂತೆ. ನಾನು ಕಾಲೇಜಿನಲ್ಲಿದ್ದಾಗ ಅವಳು ಹೋದಳು. ಅವ್ವ ಬದುಕಿದಳು. ಡಾಕ್ಟರು ಹೇಳಿದ್ದಂತೆ ಮಕ್ಕಳನ್ನು ಬೆಳೆಸಿದಳು, ಸಂಸಾರ ಮಾಡಿದಳು. ಎರಡು ಸಲ ಕಿಡ್ನಿ ಕೈಕೊಡುವಷ್ಟರ ಮಟ್ಟಿಗೆ ಹೋಗಿ ಹಿಂತಿರುಗಿದಳು. ನನ್ನ ಲಗ್ನವನ್ನು ಗೋಧೂಳಿಗೆ ಇಡಿಸಿ ನೋಡಿದಳು. ಮಲ್ಲು ಅಪ್ಪನ ಡಿಪೋದಲ್ಲೇ ಕೆಲಸಕ್ಕೆ ಸೇರಿದ್ದನ್ನೂ ನೋಡಿದಳು.

ಕಮಲಾಪುರದ ಮಾಳಿಗೆ ಬಿರುಕು ಬಿಟ್ಟು, ಇನ್ನು ನಿಲ್ಲುವುದಿಲ್ಲವೆಂದಾದಾಗ, ಕೆಡವುವ ಮುಂಚೆ ಒಂದು ಸಲ ನೋಡಬೇಕು ಅಂದಳು ಅವ್ವ. ಬಿಸಿಲು ಇಳಿದ ಮೇಲೆ ನಾವಿಬ್ಬರೇ ಹೋದೆವು. ಅಂಗಳದಲ್ಲಿ ಪರಸಿ ಎದ್ದಿತ್ತು. ಗೋಡೆಯಲ್ಲಿ ಕಬ್ಬಿಣದ ಗೂಟಗಳು ಹಾಗೆಯೇ ಇದ್ದವು. ಅವ್ವ ಗೋಡೆಯ ಹತ್ತಿರ ಹೋಗಿ, ಎಟುಕದ ಗೂಟದ ಕಡೆ ಕೈ ಚಾಚಿ, ಅರ್ಧಕ್ಕೇ ಇಳಿಸಿದಳು. "ಅತ್ತಿಗಿ ಕಡೀತನ ತಿಳೀಲಿಲ್ಲ ನೋಡು ನಾಗಿ" ಅಂದಳು. "ನೀನೂ ಬಾಯಿ ಬಿಡಲಿಲ್ಲ. ಅಷ್ಟು ಸಣ್ಣಾಕಿ ಇದ್ದಿ, ನನ್ನ ಮಾತು ಉಳಸ್ದಿ." ಹೇಳಿಬಿಡಬೇಕೆಂದು ನನ್ನ ಬಾಯಿ ತೆರೆದೇ ಇತ್ತು. ಅವ್ವನ ಮುಖ ನೋಡಿದೆ. ಇಪ್ಪತ್ತೈದು ವರ್ಷ ಅವಳು ಜೋಪಾನ ಮಾಡಿಕೊಂಡ ಒಂದೇ ಸಮಾಧಾನ ಅದು. "ಹೂಂ" ಅಂದೆ. ಅವ್ವ ನನ್ನ ಕೈ ಹಿಡಿದುಕೊಂಡಳು, ಬಸ್ಸು ಬರುವ ತನಕ ಬಿಡಲಿಲ್ಲ.

ಅವ್ವ ಹೋಗಿ ಎರಡು ವರ್ಷವಾಯಿತು. ಇಬ್ಬರಿಗೂ ಕೊಟ್ಟ ಮಾತಿನಲ್ಲಿ ನಾನು ಒಂದನ್ನು ಮುರಿದೆ, ಒಂದನ್ನು ಉಳಿಸಿದೆ, ಎರಡಕ್ಕೂ ನನ್ನನ್ನು ಇಬ್ಬರೂ ಒಳ್ಳೆಯವಳೆಂದೇ ಅಂದುಕೊಂಡು ಹೋದರು. ಈಗ ಕೇಳಿಸಿಕೊಳ್ಳಲು ಅವರಿಲ್ಲ, ಅದಕ್ಕೇ ಬಾಯಿ ಬಿಟ್ಟಿದ್ದೇನೆ. ಆಯಿಯ ಕೌದಿಗಳಲ್ಲಿ ಒಂದು ನನ್ನ ಪಾಲಿಗೆ ಬಂದಿದೆ, ಪಡುವಣ ಕಿಟಕಿಗೆ ಕಟ್ಟಿದ್ದೇನೆ. ಅದರ ತುಂಬ ಆಯಿ ತೂತು ಮುಚ್ಚಿದ ಹೊಲಿಗೆ. ಆ ದಿನ ಒಲೆಯ ಮೇಲಿಂದ ಇಳಿಸಿದ ಎಣ್ಣೆ ಆರುವ ಹೊತ್ತಿಗೆ ಮಗಳು ಅಡುಗೆಮನೆಗೆ ಬಂದು, "ಇದು ಯಾರಿಗಿ?" ಅಂದಳು. ಬಟ್ಟಲು ಕೈಗೆತ್ತಿಕೊಂಡು, ಅವಳನ್ನು ಆ ಕಿಟಕಿಯ ಕೆಳಗೆ ಚಾಪೆ ಹಾಸಿ ಕೂರಿಸಿದೆ. ಕೌದಿಯಲ್ಲಿ ಹೊಸದಾಗಿ ಬಿದ್ದ ಒಂದು ತೂತಿನಿಂದ ಅವಳ ತೋಳಿನ ಮೇಲೆ ಬೆಳಕಿನ ಚುಕ್ಕೆ ಬಿದ್ದಿತ್ತು. ಅವಳಿಗೆ ಯಾವ ಜಡ್ಡೂ ಇಲ್ಲ, ಬಿಸಿಲು ಅವಳಿಗೆ ಏನೂ ಮಾಡುವುದಿಲ್ಲ. ಆದರೂ ನನ್ನ ಅಂಗೈ ತಾನಾಗಿಯೇ ಹೋಗಿ ಅಡ್ಡ ನಿಂತಿತು.